ಇಲಿಯ ಶ್ವಾಸಕೋಶವೂ ಡಬ್ಬಿಯ ಪುಡಿಯೂ

'ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆ' - ಈ ಮಾತು ಅಚ್ಚಾಗದ ಡಬ್ಬಿ ಈಗ ಅಂಗಡಿಯಲ್ಲಿ ಸಿಗುವುದೇ ಕಷ್ಟ. ಹಾಲಿಗೆ ಬೆರೆಸುವ ಪುಡಿ, ಲೇಹ್ಯ, ಬಿಸ್ಕತ್ತು ಎಲ್ಲವೂ ಹೆಚ್ಚಿಸುವುದಕ್ಕೆಂದೇ ಹುಟ್ಟಿದಂತಿವೆ. 2020ರಲ್ಲಿ ಕೊರೋನಾ ಬಂದ ಮೇಲಂತೂ ಇದು ಮಂತ್ರವೇ ಆಯಿತು. ಏನನ್ನು ಹೆಚ್ಚಿಸುತ್ತದೆ, ಎಷ್ಟು, ಯಾವಾಗ ಎಂದು ಕೇಳುವವರಿಲ್ಲ. ನಾನು ಕೇಳುತ್ತೇನೆ. ಬಿ.ಎ., ಬಿ.ಎಡ್. ಮಾಡಿದ ಟೀಚರಿಗೆ ವಿಜ್ಞಾನದ ಗೊಡವೆ ಏಕೆ ಎನ್ನುವವರು ಅನ್ನಲಿ. ಕ್ರಿಯಾಪದಕ್ಕೆ ಕರ್ಮ ಯಾವುದೆಂದು ಕೇಳುವುದು ವ್ಯಾಕರಣ ಕಲಿಸುವವಳ ಹಕ್ಕು.

ಉತ್ತರ ಡಬ್ಬಿಯ ಮೇಲಿಲ್ಲ, ಇಲಿಯ ಶ್ವಾಸಕೋಶದಲ್ಲಿದೆ. ನ್ಯುಮೋನಿಯಾ ತರುವ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು ಪ್ರಯೋಗಶಾಲೆಯ ಇಲಿಯ ಶ್ವಾಸಕೋಶಕ್ಕೆ ಸೇರಿಸಿದರೆ, ಅಲ್ಲಿ ಕಾವಲಿರುವ ಜೀವಕೋಶಗಳು ಕೆಲವೇ ಗಂಟೆಗಳಲ್ಲಿ ಸೈಟೊಕೈನ್ ಎಂಬ ಪುಟ್ಟ ಪ್ರೋಟೀನುಗಳನ್ನು ಹೊರಬಿಡುತ್ತವೆ. ಇವು ಜೀವಕೋಶಗಳು ಒಂದಕ್ಕೊಂದು ಬರೆಯುವ ಓಲೆಗಳು. ಟಿಎನ್‌ಎಫ್ ಎಂಬ ಓಲೆ 'ಬೇಗ ಬನ್ನಿ' ಎನ್ನುತ್ತದೆ. ರಕ್ತದಲ್ಲಿನ ನ್ಯೂಟ್ರೊಫಿಲ್ ಎಂಬ ಬಿಳಿಕಣಗಳು ಧಾವಿಸಿ ಬಂದು ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ. ಇಂಟರ್‌ಲ್ಯೂಕಿನ್-10 ಎಂಬ ಓಲೆ 'ಇನ್ನು ಸಾಕು' ಎನ್ನುತ್ತದೆ. ಸಾಕು ಎನ್ನುವವರೇ ಇಲ್ಲದಿದ್ದರೆ, ಕಾಪಾಡಲು ಬಂದ ಕಣಗಳೇ ಶ್ವಾಸಕೋಶದ ಗೋಡೆ ಕೆಡಿಸಿ, ಗಾಳಿ ಇರಬೇಕಾದಲ್ಲಿ ನೀರು ತುಂಬಿಸುತ್ತವೆ.

1996ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ಇಂಥ ಇಲಿಗಳಲ್ಲಿ ಟಿಎನ್‌ಎಫ್ ಅನ್ನು ತಡೆದರು. ನ್ಯೂಟ್ರೊಫಿಲ್‌ಗಳು ಕಡಿಮೆ ಬಂದವು, ಬ್ಯಾಕ್ಟೀರಿಯಾ ಬೆಳೆಯಿತು, ಹೆಚ್ಚು ಇಲಿಗಳು ಸತ್ತವು. ಹಾಗಾದರೆ ಟಿಎನ್‌ಎಫ್ ಹೆಚ್ಚಿದಷ್ಟೂ ಒಳ್ಳೆಯದೇ? 1985ರಲ್ಲಿ ಬ್ರೂಸ್ ಬ್ಯೂಟ್ಲರ್ ಮತ್ತು ಸಂಗಡಿಗರು ಇಲಿಗಳಿಗೆ ಜೀವಂತ ಬ್ಯಾಕ್ಟೀರಿಯಾ ಅಲ್ಲ, ಬ್ಯಾಕ್ಟೀರಿಯಾದ ವಿಷವನ್ನಷ್ಟೇ ಕೊಟ್ಟರು. ಅಲ್ಲಿ ಮೊದಲೇ ಟಿಎನ್‌ಎಫ್ ತಡೆದಿದ್ದ ಇಲಿಗಳೇ ಹೆಚ್ಚು ಬದುಕಿದವು! ಒಂದೇ ಓಲೆ, ಒಂದು ಕಡೆ ತಾಯಿ, ಇನ್ನೊಂದು ಕಡೆ ಮಾರಿ. 'ಸಾಕು' ಎನ್ನುವ ಓಲೆಯ ಕಥೆಯೂ ಅಷ್ಟೇ. 1995ರ ಪ್ರಯೋಗದಲ್ಲಿ ಕ್ಲೆಬ್ಸಿಯೆಲ್ಲಾ ತಗಲಿದ ಇಲಿಗಳಲ್ಲಿ ಇಂಟರ್‌ಲ್ಯೂಕಿನ್-10 ತಡೆದಾಗ ಹೆಚ್ಚು ಇಲಿಗಳು ಉಳಿದವು. ಹೋರಾಟ ಮುಗಿಯುವ ಮೊದಲೇ 'ಸಾಕು' ಎಂದರೂ ಕೇಡೇ.

ಈಗ ಡಬ್ಬಿಯವರು ಹೇಳಲಿ, ನೀವು ಹೆಚ್ಚಿಸುವುದು ಯಾವುದನ್ನು? 'ಬನ್ನಿ'ಯನ್ನೋ, 'ಸಾಕು' ಎನ್ನುವುದನ್ನೋ? ಎಷ್ಟು ಗಂಟೆಗೆ?

ಇಲಿ ಬೇರೆ, ಮನುಷ್ಯ ಬೇರೆ ಎನ್ನಬಹುದು. ಒಪ್ಪಿದೆ. ಇಲಿಯಲ್ಲಿ ಫಲಿಸಿದ್ದೆಲ್ಲ ರೋಗಿಯಲ್ಲಿ ಫಲಿಸಿಲ್ಲ. ಆದರೆ ಸಂಧಿವಾತಕ್ಕೆ ಟಿಎನ್‌ಎಫ್ ತಡೆಯುವ ಔಷಧಿ ಕೊಟ್ಟಾಗ ಕೆಲವರಲ್ಲಿ ಅಡಗಿದ್ದ ಕ್ಷಯ ಎದ್ದು ಬಂದದ್ದು 2001ರಲ್ಲಿ ವರದಿಯಾಯಿತು. ಅದಕ್ಕೇ ವೈದ್ಯರು ಆ ಔಷಧಿಗೆ ಮೊದಲು ಕ್ಷಯದ ಪರೀಕ್ಷೆ ಮಾಡಿಸುತ್ತಾರೆ. ತಕ್ಕಡಿ ನಮ್ಮೊಳಗೂ ಇದೆ.

ನನಗೆ ಸಿಟ್ಟು ಬರುವುದು ಬರಿಯ ವ್ಯಾಕರಣಕ್ಕಲ್ಲ. ನನ್ನ ತರಗತಿಯ ಮಕ್ಕಳ ತಾಯಂದಿರು ಬೀಡಿ ಕಟ್ಟಿದ ದುಡ್ಡಿನಲ್ಲಿ ಈ ಡಬ್ಬಿ ಕೊಳ್ಳುತ್ತಾರೆ. ಹೊಟ್ಟೆಗಿಲ್ಲದ ಮಗುವಿಗೆ ರೋಗ ಬೇಗ ತಗಲುತ್ತದೆ, ನಿಜ. ಅದಕ್ಕೆ ಬೇಕಾದದ್ದು ಅನ್ನ, ಬೇಳೆ, ಮೊಟ್ಟೆ. ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾ ತರುವ ನ್ಯುಮೋನಿಯಾಕ್ಕೆ ಲಸಿಕೆಯಿದೆ. 2021ರಿಂದ ದೇಶದಾದ್ಯಂತ ಸರ್ಕಾರ ಅದನ್ನು ಪುಕ್ಕಟೆ ಕೊಡುತ್ತಿದೆ: ಮಗುವಿಗೆ ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳಾದಾಗ. ಲಸಿಕೆ ಎಲ್ಲವನ್ನೂ ಸುಮ್ಮನೆ ಹೆಚ್ಚಿಸುವುದಿಲ್ಲ. ಗೊತ್ತಾದ ಒಬ್ಬ ಕಳ್ಳನ ಗುರುತು ಹೇಳಿಕೊಡುತ್ತದೆ. ಮಗು ಏದುಸಿರು ಬಿಡುತ್ತಿದ್ದರೆ, ಉಸಿರೆಳೆದಾಗ ಎದೆ ಒಳಗೆ ಸೆಳೆಯುತ್ತಿದ್ದರೆ, ಓಡಬೇಕಾದದ್ದು ಆಸ್ಪತ್ರೆಗೆ. ಆ ಹೊತ್ತಿನಲ್ಲಿ ಡಬ್ಬಿಯ ಮುಚ್ಚಳ ತೆಗೆಯುತ್ತಾ ಕೂರುವಂತೆ ಮಾಡುವ ಜಾಹೀರಾತು ಬರಿಯ ಸುಳ್ಳಲ್ಲ, ಅಪರಾಧ.