ಅಂಗಿಯ ಬಣ್ಣ, ಹೊಳೆಯ ಉಪ್ಪು

ಮೊನ್ನೆ ಪೇಟೆಗೆ ಹೋದ ಮಗ ನನಗೊಂದು ಕಡುನೀಲಿ ಟೀ ಶರ್ಟ್ ತಂದ. ಕುತ್ತಿಗೆಯ ಪಟ್ಟಿಯಲ್ಲಿ ವಿಷವಿಲ್ಲದ ಬಣ್ಣ, ಚರ್ಮಕ್ಕೆ ಹಾನಿಯಿಲ್ಲ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. "ಇದು ನಿಮ್ಮ ಸಾವಯವದ ಹಾಗೆಯೇ ಅಪ್ಪಾ" ಅಂದ. ಒಗೆಯಲು ಹಾಕಿದರೆ ಬಾಲ್ದಿ ನೀರೆಲ್ಲ ನೀಲಿ. ನನ್ನವಳು ಬಾಲ್ದಿ ಎತ್ತಿಕೊಂಡು ಬಾಳೆ ಬುಡದತ್ತ ಹೋದವಳು ಅಲ್ಲೇ ನಿಂತು ಕೇಳಿದಳು: "ಇದನ್ನು ಬುಡಕ್ಕೆ ಹೊಯ್ಯಬಹುದಾ?"

ಒಂದು ಬಾಲ್ದಿಯಿಂದ ಬಾಳೆ ಸಾಯಲಿಕ್ಕಿಲ್ಲ. ಆದರೆ ಆ ಬಟ್ಟೆಗೆ ಬಣ್ಣ ಹಾಕಿದ ಊರಿನಲ್ಲಿ ಈ ಪ್ರಶ್ನೆಗೆ ರೈತರು ಕೋರ್ಟಿನ ತನಕ ಹೋಗಿ ಉತ್ತರ ಹುಡುಕಬೇಕಾಯಿತು.

ಹತ್ತಿ ಬಟ್ಟೆಗೆ ಬಣ್ಣ ಹಿಡಿಯಬೇಕಾದರೆ ಉಪ್ಪು ಬೇಕು. ಅಡುಗೆಯ ಉಪ್ಪು, ಇಲ್ಲವೇ ಗ್ಲಾಬರ್ ಉಪ್ಪು. ಬಣ್ಣ ಕಡುವಾದಷ್ಟೂ ಉಪ್ಪು ಜಾಸ್ತಿ. ಕಿಲೋ ಬಟ್ಟೆಗೆ 10 ಲೀಟರ್ ಬಣ್ಣದ ನೀರು, ಲೀಟರಿಗೆ 60 ಗ್ರಾಂ ಉಪ್ಪು ಅಂತ ಹಿಡಿಯಿರಿ. ಕಿಲೋ ಬಟ್ಟೆಗೆ 600 ಗ್ರಾಂ ಉಪ್ಪಾಯಿತು. ಒಂದು ಟೀ ಶರ್ಟಿನ ಲೆಕ್ಕಕ್ಕೆ ಹತ್ತಿರ ಹತ್ತಿರ ನೂರು ಗ್ರಾಂ. ಇದರಲ್ಲಿ ಬಟ್ಟೆಯಲ್ಲಿ ಉಳಿಯುವುದು ಇಲ್ಲವೆಂದೇ ಹೇಳಬೇಕು. ಉಪ್ಪಿನ ಕೆಲಸ ಬಣ್ಣವನ್ನು ನೂಲಿನ ಹತ್ತಿರ ತಳ್ಳುವುದು ಮಾತ್ರ, ಅದು ಮುಗಿದ ಮೇಲೆ ಅಷ್ಟೂ ತೊಳೆದ ನೀರಿನಲ್ಲಿ ಹೊರಗೆ. ನೂಲಿಗೆ ಅಂಟದೆ ಉಳಿದ ಬಣ್ಣವೂ ಅದರ ಜತೆಗೆ.

ಕಣ್ಣಿಗೆ ಕಾಣುವ ಬಣ್ಣವನ್ನು ಸುಣ್ಣ ಹಾಕಿಯೋ, ಸೂಕ್ಷ್ಮಜೀವಿಗಳಿಂದಲೋ ತೆಗೆಯಬಹುದು. ಕರಗಿದ ಉಪ್ಪು ಹಾಗೆಲ್ಲ ಹೋಗುವುದಿಲ್ಲ ಮಾರಾಯ್ರೆ. ತಿಳಿಯಾದ ನೀರು ಕಂಡು ಶುದ್ಧವಾಯಿತು ಅಂದುಕೊಂಡರೆ ಮೋಸ ಹೋದೆವು.

ತಮಿಳುನಾಡಿನ ತಿರುಪ್ಪೂರಿನಲ್ಲಿ ಆದದ್ದು ಇದೇ. ನಮ್ಮ ನಿಮ್ಮ ಮೈಮೇಲಿನ ಬನಿಯನ್ನುಗಳಲ್ಲಿ ಬಹಳಷ್ಟು ಆ ಊರಿನವು. ಊರ ನಡುವೆ ನೊಯ್ಯಲ್ ಹೊಳೆ. ಪಶ್ಚಿಮ ಘಟ್ಟದ ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ ಕಡೆಗೆ ಕಾವೇರಿ ಸೇರುತ್ತದೆ. ನಮ್ಮ ಕೊಡಗಿನಿಂದ ಹೋದ ನೀರಿಗೇ ಈ ನೀರೂ ಕೂಡುವುದು. ತಿರುಪ್ಪೂರಿನ ಕೆಳಗೆ ಒರತ್ತುಪಾಳಯಂ ಎಂಬಲ್ಲಿ 1992ರಲ್ಲಿ ನೀರಾವರಿಗೆಂದು ಅಣೆಕಟ್ಟು ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅದು ಬಣ್ಣದ ನೀರಿನ ಕೆರೆಯಾಯಿತು. ಹೊಲಕ್ಕೆ ನೀರು ಬಿಡಿ ಎಂದು ಕೇಳಬೇಕಾದ ರೈತರು ಗೇಟು ತೆರೆಯಬೇಡಿ ಎಂದು ಕೇಳುವ ಹಾಗಾಯಿತು. ಅಣೆಯ ಆಸುಪಾಸಿನ ಬಾವಿಗಳೂ ಕೆಟ್ಟವು.

ಉಪ್ಪುನೀರಿನ ಸಂಕಟ ನಮ್ಮ ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಹೊಳೆಗೆ ಕಡಲ ನೀರು ಏರಿದರೆ ತೆಂಗು ಹೇಗೋ ತಡೆದುಕೊಳ್ಳುತ್ತದೆ, ಅಡಿಕೆ ಸೋಗೆಯ ತುದಿ ಸುಟ್ಟ ಹಾಗಾಗುತ್ತದೆ. ನಮಗಾದರೆ ಮಳೆಗಾಲದಲ್ಲಿ ನೂರಕ್ಕೂ ಹೆಚ್ಚು ಅಂಗುಲ ಮಳೆ ಬಂದು ತೊಳೆದು ಹೋಗುತ್ತದೆ. ಅದು ಮಳೆ ಕಡಿಮೆಯ ಸೀಮೆ. ಸೋಡಿಯಂ ಮಣ್ಣಿನಲ್ಲೇ ಕೂತು, ಮಣ್ಣು ಕಟ್ಟಿಕೊಂಡು ಗಟ್ಟಿಯಾಗುತ್ತದೆ. ನೀರು ಇಳಿಯುವುದಿಲ್ಲ, ಬೇರು ಉಸಿರಾಡುವುದಿಲ್ಲ.

ಅಲ್ಲಿನ ರೈತರು ಸುಮ್ಮನೆ ಕೂರಲಿಲ್ಲ. ನೊಯ್ಯಲ್ ನದಿ ಆಯಕಟ್ಟುದಾರರ ರಕ್ಷಣಾ ಸಂಘ ಅಂತ ಕಟ್ಟಿ ಮದರಾಸು ಹೈಕೋರ್ಟಿಗೆ ಹೋದರು. 2006ರಲ್ಲಿ ತೀರ್ಪು ಬಂತು. ಕಾರ್ಖಾನೆಯವರು ಸುಪ್ರೀಂ ಕೋರ್ಟಿಗೆ ಹೋದರು, 2009ರಲ್ಲಿ ಅಲ್ಲಿಯೂ ರೈತರದ್ದೇ ಸರಿಯೆಂದಾಯಿತು. ಆದರೂ ಹೊಲಸು ನಿಲ್ಲದ್ದರಿಂದ 2011ರ ಜನವರಿಯಲ್ಲಿ ಹೈಕೋರ್ಟು 700ಕ್ಕೂ ಹೆಚ್ಚು ಬಣ್ಣದ ಘಟಕಗಳನ್ನು ಮುಚ್ಚಿಸಿತು. ಹನಿ ನೀರೂ ಹೊರಗೆ ಬಿಡಬಾರದು ಎಂಬ ಷರತ್ತು ಪಾಲಿಸಿದವರಷ್ಟೇ ಮತ್ತೆ ತೆರೆಯಬಹುದು ಎಂದಾಯಿತು. ಅಂದರೆ ನೀರನ್ನು ಪೊರೆಯಲ್ಲಿ ಸೋಸಿ, ಉಳಿದ ಉಪ್ಪುನೀರನ್ನು ಕಾಯಿಸಿ ಆವಿ ಮಾಡಿ, ನೀರು ಉಪ್ಪು ಎರಡನ್ನೂ ಮತ್ತೆ ಬಳಸುವುದು. ಕರೆಂಟು, ಕಟ್ಟಿಗೆ ಎಲ್ಲ ಸೇರಿ ಖರ್ಚು ದೊಡ್ಡದು. ಮರುಬಳಕೆಗೆ ಬಾರದ ಬೆರಕೆ ಉಪ್ಪನ್ನೂ ಕೆಸರನ್ನೂ ಎಲ್ಲಿಡುವುದೆಂಬ ತಲೆನೋವು ಬೇರೆ.

ಶುದ್ಧ ಫ್ಯಾಶನ್ ಎಂಬ ಮಾತು ದೊಡ್ಡ ದೊಡ್ಡ ಬ್ರಾಂಡುಗಳ ಬಾಯಲ್ಲಿ ಈಗ ಕೇಳುತ್ತದೆ. ಅದು ಪೂರ್ತಿ ಬೂಟಾಟಿಕೆ ಅನ್ನಲಾರೆ. ಕ್ಯಾನ್ಸರಿಗೆ ಕಾರಣವಾಗುವ ಅಂಶ ಬಿಡುವ ಅಜೋ ಬಣ್ಣಗಳನ್ನು ಜರ್ಮನಿ 1994ರಲ್ಲಿ ನಿಷೇಧಿಸಿದ ಮೇಲೆಯೇ ನಮ್ಮ ಸರಕಾರವೂ 1997ರಲ್ಲಿ 70 ಬಣ್ಣಗಳನ್ನು ನಿಲ್ಲಿಸಿದ್ದು. ಗ್ರೀನ್‌ಪೀಸ್‌ನವರು 2011ರಲ್ಲಿ ಗಲಾಟೆ ಎಬ್ಬಿಸಿದ ಮೇಲೆ ಎಷ್ಟೋ ಬ್ರಾಂಡುಗಳು ವಿಷ ಬಿಡುತ್ತೇವೆಂದು ಮಾತು ಕೊಟ್ಟವು. ಒಳ್ಳೆಯದೇ. ಆದರೆ ಈ ಪರೀಕ್ಷೆಗಳಲ್ಲಿ ಬಹುಪಾಲು ನೋಡುವುದು ತೊಟ್ಟವರ ಚರ್ಮವನ್ನು. ಹೊಳೆಯ ಕೆಳಗಿನ ಹೊಲವನ್ನಲ್ಲ. ಉಪ್ಪು ಚರ್ಮಕ್ಕೆ ವಿಷವಲ್ಲ, ಹಾಗಾಗಿ ಮಗ ತಂದ ಅಂಗಿಯ ಪಟ್ಟಿಯಲ್ಲಿ ಸುಳ್ಳೇನೂ ಬರೆದಿಲ್ಲ. ಬರೆಯದೆ ಬಿಟ್ಟದ್ದು ಬಹಳ ಇದೆ ಅಷ್ಟೆ.

ಇನ್ನೊಂದು ಮಾತು. ನೀರು ಸೋಸುವ ಖರ್ಚು ಯಾರು ಕೊಡಬೇಕು? ಬನಿಯನ್ ದರ ಹತ್ತು ರೂಪಾಯಿ ಏರಿದರೆ ನಾವೇ ಅಂಗಡಿಯಲ್ಲಿ ಚೌಕಾಸಿಗೆ ನಿಲ್ಲುತ್ತೇವೆ. ಅಡಿಕೆಗೆ ದರ ಸಾಲದೆಂದು ಗೊಣಗುವ ನಾವು, ಇನ್ನೊಬ್ಬ ರೈತನ ಬಾವಿ ಉಳಿಸುವ ದರ ಕೊಡಲು ಹಿಂದೆಮುಂದೆ ನೋಡುತ್ತೇವೆ. ವಿದೇಶದ ಖರೀದಿದಾರರಂತೂ ಸ್ವಚ್ಛತೆಯ ಪ್ರಮಾಣಪತ್ರ ಕೇಳಿ, ಅದೇ ಉಸಿರಿಗೆ ದರವನ್ನೂ ಇಳಿಸಿ ಎಂದರೆ ನಡೆಯುತ್ತದೆಯೇ? ಕದ್ದು ರಾತ್ರಿ ಹೊಳೆಗೆ ಬಿಡುವ ಆಸೆ ಹುಟ್ಟುವುದೇ ಅಲ್ಲಿ.

ತೆಳು ಬಣ್ಣಕ್ಕೆ ಉಪ್ಪು ಕಡಿಮೆ ಸಾಕು. ಕಡಿಮೆ ಉಪ್ಪಿನಲ್ಲಿ ಹಿಡಿಯುವ ಬಣ್ಣಗಳೂ ಬಂದಿವೆ. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಹುಟ್ಟಿನಿಂದಲೇ ಕಂದು ಬಣ್ಣವಿರುವ ಹತ್ತಿಯ ಮೇಲೆ ಕೆಲಸ ಮಾಡಿದ್ದಾರೆ, ಅದಕ್ಕೆ ಬಣ್ಣದ ತೊಟ್ಟಿಯೇ ಬೇಡ. ಬೆಳೆಯುವವರಿಗೆ ಕೊಳ್ಳುವವರು ಸಿಗಬೇಕಲ್ಲ.

ನೀಲಿ ಅಂಗಿ ಹಾಕುತ್ತಿದ್ದೇನೆ, ಮಗ ಪ್ರೀತಿಯಿಂದ ತಂದದ್ದು. ಈ ಸಲ ತೋಟದ ಕೆಲಸಕ್ಕೆ ಬೈರಾಸು ತರುವಾಗ ಮಾತ್ರ ಅಂಗಡಿಯವರಲ್ಲಿ ಕೇಳಿದೆ, ಬಣ್ಣ ಹಾಕದ್ದು ಇದೆಯಾ ಅಂತ. "ಅದನ್ನು ಯಾರು ತಗೊಳ್ತಾರೆ ಭಟ್ರೇ" ಅಂದರು. ಎರಡು ತರಿಸಿಕೊಡಿ ಎಂದು ಹೇಳಿ ಬಂದಿದ್ದೇನೆ.