ಖರ್ಚಾಯ್ತು ಅಂತಾರೆ, ಕೇರಿಗೆ ಬಂದದ್ದೆಷ್ಟು?

ಬಜೆಟ್ ಬಂದಾಗಲೆಲ್ಲ ನಮ್ಮ ಕಿವಿಗೆ ಕೋಟಿಗಳ ಸದ್ದು ಬೀಳುತ್ತದೆ. ಪರಿಶಿಷ್ಟರಿಗೆ ಇಷ್ಟು ಕೋಟಿ ಇಟ್ಟೆವು, ಇಷ್ಟು ಪರ್ಸೆಂಟ್ ಖರ್ಚು ಮಾಡಿದೆವು ಅಂತಾರೆ. ಖರ್ಚಾದ ಮಾತ್ರಕ್ಕೆ ಕೆಲಸ ಆಯ್ತಾ, ಗೆಳೆಯರೇ?

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಪಂಗಡದವರು ಸೇರಿ ಶೇ. 24.1. ಈ ಪಾಲಿಗೆ ತಕ್ಕ ಹಣ ಇಡಬೇಕೆಂದು 2013ರಲ್ಲಿ ಕಾಯ್ದೆ ಬಂತು. ಅದರೊಳಗೇ 7(ಡಿ) ಎಂಬ ಕಳ್ಳಗಿಂಡಿ ಇತ್ತು. ಎಲ್ಲರೂ ಬಳಸುವ ಕಾಮಗಾರಿಯ ವೆಚ್ಚದಲ್ಲೂ ಒಂದು ಭಾಗ ನಮಗಾಗಿಯೇ ಆಯಿತೆಂದು 'ಭಾವಿಸಬಹುದಿತ್ತು'. ಭಾವಿಸಿದ ಅನ್ನದಿಂದ ಯಾರ ಹೊಟ್ಟೆ ತುಂಬ್ತದೆ? 2023ರಲ್ಲಿ ಆ ಕಲಮನ್ನು ಕಿತ್ತರು. ಆದರೆ 2023-24ರಲ್ಲಿ ಸುಮಾರು 11 ಸಾವಿರ ಕೋಟಿ, 2024-25ರಲ್ಲಿ 14 ಸಾವಿರ ಕೋಟಿಗೂ ಮೇಲೆ ಇದೇ ಬಾಬ್ತಿನಿಂದ ಗ್ಯಾರಂಟಿ ಯೋಜನೆಗಳಿಗೆ ಹಂಚಿದರು. ನಿಮ್ಮವರಿಗೇ ಹೋಗ್ತದಲ್ಲ ಅನ್ನೋದು ಸರ್ಕಾರದ ಉತ್ತರ. ಎಲ್ಲರಿಗೂ ಸಿಗೋದನ್ನ ನಮಗೆ ಮಾತ್ರ ನಮ್ಮ ಪಾಲಿನಿಂದಲೇ ಯಾಕೆ ಕೊಡಬೇಕು?

ಅರ್ಥಶಾಸ್ತ್ರದಲ್ಲಿ 'ಗುಣಕ' ಅಂತ ಒಂದು ಮಾತಿದೆ. 1936ರಲ್ಲಿ ಕೇನ್ಸ್ ತನ್ನ ಪುಸ್ತಕದಲ್ಲಿ ಇದನ್ನು ವಿವರಿಸಿದ. ಸರ್ಕಾರ ಕೊಟ್ಟ ರೂಪಾಯಿ ಒಂದೇ ಕೈಯಲ್ಲಿ ನಿಲ್ಲೋದಿಲ್ಲ. ಕೂಲಿಯವಳು ಅಕ್ಕಿ ಕೊಳ್ತಾಳೆ, ಅಂಗಡಿಯವನು ಅದೇ ದುಡ್ಡಲ್ಲಿ ಬಟ್ಟೆ ಕೊಳ್ತಾನೆ. ಹೀಗೆ ಒಂದು ರೂಪಾಯಿ ಒಂದಕ್ಕಿಂತ ಹೆಚ್ಚು ಆದಾಯ ಹುಟ್ಟಿಸಬಲ್ಲದು. ಬಡವರ ಕೈಗೆ ಬಂದ ಕಾಸು ಬೇಗ ಸಂತೆಗೆ ಹೋಗ್ತದೆ. ಉಳ್ಳವನ ಕೈ ಸೇರಿದರೆ ಹೆಚ್ಚು ಪಾಲು ಪೆಟ್ಟಿಗೆಯಲ್ಲಿ ಮಲಗ್ತದೆ. ಕೇರಿಯ ಹೆಸರಲ್ಲಿ ಬಂದ ಕಾಮಗಾರಿಯನ್ನು ಹೊರಗಿನ ಕಂಟ್ರಾಕ್ಟರ್ ತನ್ನ ಯಂತ್ರ ತಂದು ಮುಗಿಸಿದರೆ ರಾಜ್ಯದ ಆದಾಯ ಏರಬಹುದು, ಕೇರಿಯ ಕೂಲಿ ಏರೋದಿಲ್ಲ. ಸರಾಸರಿ ಲೆಕ್ಕದಲ್ಲಿ ಜಾತಿ ಕಾಣೋದಿಲ್ಲ.

ಹಾಗಾದ್ರೆ ಅಳೆಯೋದು ಹೇಗೆ? ಹಣ ಬರುವ ಮೊದಲು ಹೇಗಿತ್ತು, ಬಂದ ಮೇಲೆ ಹೇಗಾಯ್ತು ಅಂತ ನೋಡಬೇಕು. ಅಷ್ಟೇ ಸಾಲದು. ಹಣ ಬಾರದ ಅಂಥದ್ದೇ ಊರಲ್ಲಿ ಅದೇ ಕಾಲಕ್ಕೆ ಏನಾಯ್ತು ಅಂತಲೂ ನೋಡಬೇಕು. ಒಳ್ಳೆ ಮಳೆಯ ಬೆಳೆಯನ್ನು ಗಂಗಾ ಕಲ್ಯಾಣದ ಕೊಳವೆಬಾವಿಯ ಲೆಕ್ಕಕ್ಕೆ ಬರೆದರೆ ಅದು ಮೋಸ. ಬಾವಿ ಕೊರೆದು ಕರೆಂಟ್ ಕೊಡದಿದ್ದರೂ ಹಣ 'ಖರ್ಚು' ಅಂತಲೇ ಬರೆಯೋದು ಇನ್ನೂ ದೊಡ್ಡ ಮೋಸ.

ಬಾಬಾಸಾಹೇಬರು 1925ರಲ್ಲೇ ಬ್ರಿಟಿಷ್ ಭಾರತದ ಪ್ರಾಂತೀಯ ಹಣಕಾಸಿನ ಮೇಲೆ ಪುಸ್ತಕ ತಂದವರು. ಲೆಕ್ಕ ನಮ್ಮ ವಿದ್ಯೆಯೇ. ಹಾಸ್ಟೆಲಿನ ಗೆಳೆಯ ಗೆಳತಿಯರೇ, ರಜಕ್ಕೆ ಊರಿಗೆ ಹೋದಾಗ ಒಂದು ನೋಟುಬುಕ್ಕು ಹಿಡಿಯಿರಿ. ಯಾವ ಯೋಜನೆ, ಎಷ್ಟು ಹಣ, ಯಾರಿಗೆ ಕೂಲಿ, ಈಗ ನೀರು ಬರ್ತಾ ಇದೆಯಾ ಎಂದು ಬರೆಯಿರಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕಚೇರಿಯ ಕಾಗದ ಕೇಳಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಅವರ ಲೆಕ್ಕವನ್ನು ನಮ್ಮ ಲೆಕ್ಕದಿಂದಲೇ ಎದುರಿಸೋಣ.