ಕ್ರಾಸ್‌ಓವರ್ ಎಲ್ಲಿ ಕೂತಿದೆ?

ಸ್ಪೀಕರಿನ ಬೆನ್ನಲ್ಲಿ ಎರಡರ ಬದಲು ನಾಲ್ಕು ಟರ್ಮಿನಲ್ ಕಂಡರೆ ಸಾಕು, ಹೈ-ಫೈ ಆಸಕ್ತರ ಬಳಗದಲ್ಲಿ ಒಂದು ಸಲಹೆ ತಪ್ಪದೆ ಬರುತ್ತದೆ. ನಡುವಿನ ಲೋಹದ ಪಟ್ಟಿ ತೆಗೆಯಿರಿ, ಈಗಿರುವ ಆಂಪ್ಲಿಫೈಯರಿನ ಜೊತೆಗೆ ಅದೇ ಮಾದರಿಯ ಇನ್ನೊಂದನ್ನು ತನ್ನಿ, ಒಂದು ವೂಫರಿಗಿರಲಿ, ಇನ್ನೊಂದು ಟ್ವೀಟರಿಗೆ. ಹೀಗೆ ಬೈ-ಆಂಪಿಂಗ್ ಮಾಡಿಸುವವರು ಸಂಗೀತವನ್ನು ಮನಸ್ಸಿಟ್ಟು ಕೇಳುವವರು, ಅವರ ಕಿವಿಯ ಮೇಲೆ ನನಗೆ ಗೌರವವಿದೆ. ಆದರೂ ಹಣವನ್ನು ಅಲ್ಲಿ ಹಾಕಬೇಡಿ ಎಂಬುದೇ ನನ್ನ ವಿನಂತಿ.

ಪಟ್ಟಿ ತೆಗೆದ ಮೇಲೂ ಪೆಟ್ಟಿಗೆಯೊಳಗಿನ ಕ್ರಾಸ್‌ಓವರ್, ಅಂದರೆ ಕಾಯಿಲ್, ಕೆಪಾಸಿಟರ್, ರೆಸಿಸ್ಟರ್‌ಗಳ ಜಾಲ, ಆಂಪ್ಲಿಫೈಯರಿನ ಆಚೆಗೇ ಉಳಿಯುತ್ತದೆ. ಹಾಗಾಗಿ ಎರಡು ಆಂಪ್ಲಿಫೈಯರ್‌ಗಳೂ ಇಡೀ ಸಂಗೀತವನ್ನೇ ವರ್ಧಿಸುತ್ತವೆ. ಮೃದಂಗದ ಗುಮ್ಕಿ ಟ್ವೀಟರಿನ ಆಂಪ್ಲಿಫೈಯರಿನಲ್ಲೂ ಅಷ್ಟೇ ವೋಲ್ಟೇಜಿಗೆ ಏರುತ್ತದೆ. ಹಂಚಿಕೆಯಾಗುವುದು ಕರೆಂಟು ಮಾತ್ರ. ಪವರ್ ಸಪ್ಲೈ ಬಡಕಲಾಗಿದ್ದರೆ ಅದರಿಂದ ತುಸು ನಿರಾಳ ಸಿಗಬಹುದು, ಒಪ್ಪುತ್ತೇನೆ. ಆದರೆ ವೋಲ್ಟೇಜಿನ ಮಿತಿ ಇದ್ದಲ್ಲೇ ಇದೆ. ಗುಮ್ಕಿಯ ಅಲೆ ಆ ಮಿತಿಗೆ ಬಡಿದು ಕ್ಲಿಪ್ ಆದರೆ ತಂಬೂರಿಯ ನಾದವೂ ಜೊತೆಗೇ ಒರಟಾಗುತ್ತದೆ.

ಕ್ರಾಸ್‌ಓವರನ್ನು ಆಂಪ್ಲಿಫೈಯರಿನ ಈಚೆಗೆ ತಂದರೆ ಲೆಕ್ಕವೇ ಬೇರೆ. 8 ಓಮ್ ಸ್ಪೀಕರಿಗೆ ಮಂದ್ರದ್ದೊಂದು, ತಾರದ್ದೊಂದು ನಾದ ಹೋಗುತ್ತಿದೆ, ಎರಡರ ಶಿಖರವೂ 20 ವೋಲ್ಟ್ ಎಂದಿಟ್ಟುಕೊಳ್ಳಿ. ಎರಡನ್ನೂ ಒಂದೇ ಆಂಪ್ಲಿಫೈಯರ್ ಹೊರಬೇಕಾದರೆ ಶಿಖರಗಳು ಕೂಡಿದಾಗ 40 ವೋಲ್ಟ್ ಬೇಕು. ಅದು 100 ವ್ಯಾಟಿನ ಆಂಪ್ಲಿಫೈಯರಿನ ಕೆಲಸ. ಮೊದಲೇ ಬೇರ್ಪಡಿಸಿ ಕೊಟ್ಟರೆ ತಲಾ 25 ವ್ಯಾಟ್ ಸಾಕು.

ಎರಡೂ ಆಂಪ್ಲಿಫೈಯರ್ ಒಂದೇ ಮಾದರಿಯವಾಗಿರಬೇಕೆಂಬ ನಿಯಮವೂ ಇಲ್ಲಿ ಸಡಿಲವಾಗುತ್ತದೆ. ಒಳಗಿನ ಕ್ರಾಸ್‌ಓವರನ್ನೇ ಉಳಿಸಿಕೊಂಡಾಗ ವೂಫರಿನ ಆಂಪ್ಲಿಫೈಯರಿನ ಗೇನ್ 26 ಡೆಸಿಬೆಲ್, ಟ್ವೀಟರಿನದ್ದು 29 ಇದ್ದರೆ ಟ್ರೆಬಲ್ ನೇರವಾಗಿ 3 ಡೆಸಿಬೆಲ್ ಮೇಲೇಳುತ್ತದೆ. ಆ ನಿಯಮಕ್ಕೆ ಅಲ್ಲಿ ಅರ್ಥವಿದೆ. ಹೀಗೆ ಈಚೆಗೆ ತಂದ, ಅಂದರೆ ಆಕ್ಟಿವ್, ಕ್ರಾಸ್‌ಓವರಿನಲ್ಲಾದರೆ ಆ ವ್ಯತ್ಯಾಸವನ್ನು ಸರಿಪಡಿಸಿಬಿಡಬಹುದು. ಟ್ವೀಟರಿಗೆ ಬೇಕಿರುವುದು ದೊಡ್ಡ ಆಂಪ್ಲಿಫೈಯರಲ್ಲ, ನಿಶ್ಶಬ್ದವಾದದ್ದು. ಸದ್ದು ತಗ್ಗಿಸುತ್ತಿದ್ದ ರೆಸಿಸ್ಟರ್‌ಗಳು ಈಗ ನಡುವೆ ಇರುವುದಿಲ್ಲವಾದ್ದರಿಂದ ಆಂಪ್ಲಿಫೈಯರಿನ ಹಿಸ್ ಸೋಸದೆ ಕಿವಿಗೆ ಬರುತ್ತದೆ. ವೂಫರಿನ ಆಂಪ್ಲಿಫೈಯರನ್ನು ಮಾತ್ರ ಕರೆಂಟು ಕೊಡುವ ತಾಕತ್ತು ನೋಡಿ ಆರಿಸಬೇಕು.

ಇನ್ನು ಕ್ರಾಸ್‌ಓವರಿನ ಆಯ್ಕೆ. ಎಚ್‌ಪಿ ಕಂಪನಿಯ ಎಂಜಿನಿಯರುಗಳಾಗಿದ್ದ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ ಮತ್ತು ರಸ್ ರೈಲಿ ಅವರ ಹೆಸರಿನ ಫಿಲ್ಟರ್ 1976ರಲ್ಲಿ ಪ್ರಕಟವಾಯಿತು. ಆಕ್ಟೇವಿಗೆ 24 ಡೆಸಿಬೆಲ್ ಇಳಿಜಾರಿನ ಅದರ ರೂಪ ಈಗ ಹೆಚ್ಚುಕಡಿಮೆ ಎಲ್ಲ ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸರ್) ಕ್ರಾಸ್‌ಓವರ್‌ಗಳಲ್ಲೂ ಸಿಗುತ್ತದೆ. ಸೇರುವ ಜಾಗದಲ್ಲಿ ಎರಡೂ ಭಾಗಗಳು 6 ಡೆಸಿಬೆಲ್ ತಗ್ಗಿ, ಕೂಡಿದಾಗ ಸಮತಟ್ಟಾಗುತ್ತವೆ. ಹಾಗೆಂದು ಹಳೆಯ ಕ್ರಾಸ್‌ಓವರ್ ಕಿತ್ತು ಇದನ್ನು ಕೂರಿಸುವುದು ಅವಸರವಾದೀತು. ಬಿಬಿಸಿಯ ಎಂಜಿನಿಯರುಗಳು 1970ರ ದಶಕದಲ್ಲಿ ರೂಪಿಸಿದ ಎಲ್‌ಎಸ್3/5ಎ ಸ್ಪೀಕರನ್ನು ನೋಡಿ. ಅದರ ಕ್ರಾಸ್‌ಓವರ್ ಧ್ವನಿಯನ್ನು ಹಂಚಿ ಸುಮ್ಮನಾಗುವುದಿಲ್ಲ. ಕೆಇಎಫ್ ಬಿ110 ವೂಫರಿನ ಏರುಪೇರನ್ನು ತಿದ್ದುತ್ತದೆ, ಟಿ27 ಟ್ವೀಟರಿನ ಮಟ್ಟವನ್ನು ಟ್ರಾನ್ಸ್‌ಫಾರ್ಮರಿನ ಟ್ಯಾಪ್‌ಗಳಿಂದ ಹೊಂದಿಸುತ್ತದೆ. ಅದನ್ನು ಕಿತ್ತು 3000 ಹರ್ಟ್ಸ್‌ಗೆ ಒಂದು ಪಠ್ಯಪುಸ್ತಕದ ಫಿಲ್ಟರ್ ಹಾಕಿದರೆ ಉಳಿಯುವುದು ಎಲ್‌ಎಸ್3/5ಎ ಪೆಟ್ಟಿಗೆ ಮಾತ್ರ. ಆ ಆವರ್ತನದಲ್ಲಿ ಅಲೆಯ ಉದ್ದ 11 ಸೆಂಟಿಮೀಟರಿನಷ್ಟು. ಎರಡು ಡ್ರೈವರ್‌ಗಳಿಂದ ಕಿವಿಗಿರುವ ದೂರದಲ್ಲಿ ಅದರ ಅರ್ಧದಷ್ಟು ವ್ಯತ್ಯಾಸವಿದ್ದರೂ ಅವು ಒಂದನ್ನೊಂದು ಅಳಿಸಬಲ್ಲವು. ಇದನ್ನೆಲ್ಲ ಕಿವಿಯೊಂದರಿಂದಲೇ ತಿದ್ದಲಾಗದು, ಅಳತೆಯ ಮೈಕ್ ಬೇಕೇಬೇಕು.

"ಆದರೆ ನಮಗೆ ವ್ಯತ್ಯಾಸ ಕೇಳಿಸಿತಲ್ಲ?" ಎನ್ನುವವರಿಗೆ ಒಂದು ಕೋರಿಕೆ. ಟೆಸ್ಟ್ ಟೋನ್ ಹಾಕಿ, ಮಲ್ಟಿಮೀಟರಿನಿಂದ ಟರ್ಮಿನಲ್‌ಗಳ ವೋಲ್ಟೇಜ್ ಸಮ ಮಾಡಿಕೊಂಡು ಮತ್ತೆ ಕೇಳಿ. ಅರ್ಧ ಡೆಸಿಬೆಲ್ ಹೆಚ್ಚಿದ್ದರೂ ಅದು ಸದ್ದಾಗಿ ತೋರದೆ ಗುಣವಾಗಿ ತೋರುತ್ತದೆ. ಸಮ ಮಾಡಿದ ಮೇಲೂ ವ್ಯತ್ಯಾಸ ಉಳಿದರೆ ನನ್ನ ವಾದವನ್ನು ಬದಿಗಿಟ್ಟು ನಿಮ್ಮ ದಾರಿಯಲ್ಲೇ ಹೋಗಿ.

ಸಿದ್ಧ ಸ್ಪೀಕರ್ ಕೊಂಡು ತೃಪ್ತರಾಗಿರುವವರು ಆ ಪಟ್ಟಿಯನ್ನು ಹಾಗೆಯೇ ಬಿಟ್ಟು ಒಂದೇ ಒಳ್ಳೆಯ ಆಂಪ್ಲಿಫೈಯರ್ ಕೊಳ್ಳಲಿ. ತಾವೇ ಕಟ್ಟುವವರು ಮೊದಲು ಮೈಕ್, ಆಮೇಲೆ ಡಿಎಸ್‌ಪಿ, ಕೊನೆಗೆ ಆಂಪ್ಲಿಫೈಯರ್‌ಗಳು ಎಂಬ ಕ್ರಮದಲ್ಲಿ ಹೋಗಲಿ. ಮೊದಲ ಸಲ ಸ್ವಿಚ್ ಹಾಕುವ ಮುನ್ನ ಟ್ವೀಟರಿನ ಸರಣಿಯಲ್ಲಿ ಒಂದು ದೊಡ್ಡ ಕೆಪಾಸಿಟರ್ ಇರಲಿ. ಚಾನೆಲ್ ಅದಲುಬದಲಾಗಿ ವೂಫರಿನ ಪಾಲು ಟ್ವೀಟರಿಗೆ ಹೋದರೆ ಅದರ ಕಾಯಿಲ್ ಸುಡಲು ಹೆಚ್ಚು ಹೊತ್ತು ಬೇಕಿಲ್ಲ.